ಚಳಿಗೂ ವಯಸ್ಸಿಗೂ ಬಗ್ಗದ ಸೈಕಲ್ ಪಟು ಬೆರಿಲ್ ಬರ್ಟನ್

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಬೆರಿಲ್ ಬರ್ಟನ್ ಅವರ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಸೈಕಲ್ ಓಟದ ಜಗತ್ತಿನಲ್ಲಿ ಮಾತ್ರ ಈ ಹೆಸರು ಇಂದಿಗೂ ಗೌರವದಿಂದ ಕೇಳಿಬರುತ್ತದೆ. ಏಳು ಬಾರಿ ವಿಶ್ವ ಚಾಂಪಿಯನ್, ತೊಂಬತ್ತಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿ, ಸತತ 25 ವರ್ಷ ದೇಶದ ಅತ್ಯುತ್ತಮ ಮಹಿಳಾ ಸೈಕಲ್ ಪಟು. ಇಷ್ಟೆಲ್ಲ ಗೆದ್ದರೂ ಅವರು ಸೈಕಲ್ ತುಳಿಯಲು ಸಂಬಳ ಪಡೆದವರಲ್ಲ. ತೋಟದಲ್ಲಿ ಮೈಮುರಿದು ದುಡಿದು, ಮನೆಗೆಲಸ ಮಾಡಿ, ಮಗಳನ್ನು ಸಾಕಿ, ಉಳಿದ ಹೊತ್ತಿನಲ್ಲಿ ಅಭ್ಯಾಸ ಮಾಡಿದ ಹವ್ಯಾಸಿ ಅವರು. ಹೆಚ್ಚಿನವರು ಓಟ ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳುವ ವಯಸ್ಸಿನಲ್ಲೂ ಅವರು ಸೈಕಲ್ ಬಿಡಲಿಲ್ಲ. ಹಾಗೆ ಬಿಡದೆ ಇದ್ದದ್ದಕ್ಕೆ ತೆತ್ತ ಬೆಲೆಯೂ ಅವರ ಬದುಕಿನ ಕಥೆಯಲ್ಲಿ ಸೇರಿದೆ.

ಆಸ್ಪತ್ರೆಯಲ್ಲಿ ಕಳೆದ ಬಾಲ್ಯ

ಬೆರಿಲ್ ಹುಟ್ಟಿದ್ದು 1937ರ ಮೇ 12ರಂದು, ಲೀಡ್ಸ್ ನಗರದ ಹಾಲ್ಟನ್ ಎಂಬಲ್ಲಿ. ತವರಿನ ಹೆಸರು ಚಾರ್ನಕ್. ಸಾಮಾನ್ಯ ದುಡಿಯುವ ವರ್ಗದ ಮನೆ. ಆ ಕಾಲದ ಇಂಗ್ಲೆಂಡಿನಲ್ಲಿ ಹನ್ನೊಂದನೇ ವಯಸ್ಸಿಗೆ ಮಕ್ಕಳು ಬರೆಯಬೇಕಾದ ಒಂದು ಪರೀಕ್ಷೆ ಇತ್ತು. ಅದರಲ್ಲಿ ಪಾಸಾದವರಿಗೆ ಒಳ್ಳೆಯ ಶಾಲೆ, ಉಳಿದವರಿಗೆ ಬೇರೆ ದಾರಿ. ಓದಿನಲ್ಲಿ ಹಿಂದೆ ಬೀಳದ ಬೆರಿಲ್ ಆ ಪರೀಕ್ಷೆಯಲ್ಲಿ ಫೇಲಾದಳು. ಅದರ ಆಘಾತ ಆ ಎಳೆಯ ಮನಸ್ಸಿಗೆ ದೊಡ್ಡದಾಗಿಯೇ ತಟ್ಟಿತು.

ಅದರ ಬೆನ್ನಿಗೇ ಕಾಯಿಲೆ ಬಂತು. ಕೀಲು ಮತ್ತು ಹೃದಯವನ್ನು ಹಿಡಿಯುವ ರುಮ್ಯಾಟಿಕ್ ಜ್ವರ, ಜೊತೆಗೆ ಕೈಕಾಲು ತಾನಾಗಿ ಅದುರುವ ನರಸಂಬಂಧಿ ತೊಂದರೆ. ಒಂಬತ್ತು ತಿಂಗಳು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅಲ್ಲಿಂದ ಬಿಡುಗಡೆಯಾದ ಮೇಲೂ ಮನೆಗೆ ಬರಲಾಗಲಿಲ್ಲ. ಸಮುದ್ರ ತೀರದ ಸೌತ್‌ಪೋರ್ಟ್‌ನಲ್ಲಿದ್ದ ವಿಶ್ರಾಂತಿ ಗೃಹದಲ್ಲಿ ಮತ್ತೆ ಹದಿನೈದು ತಿಂಗಳು ಕಳೆದವು. ಹೀಗೆ ಆಟವಾಡಬೇಕಾದ ಎರಡು ವರ್ಷಗಳು ಹಾಸಿಗೆಯ ಪಾಲಾದವು. ಹೃದಯದ ಬಡಿತದಲ್ಲಿ ಏರುಪೇರು ಉಳಿದುಕೊಂಡಿತು. ಮೈಗೆ ಶ್ರಮ ಕೊಡಬಾರದು ಎಂಬುದು ವೈದ್ಯರ ಸಲಹೆಯಾಗಿತ್ತು.

ಆ ಸಲಹೆಯನ್ನು ಬೆರಿಲ್ ಪಾಲಿಸಲಿಲ್ಲ. ಪರೀಕ್ಷೆಯಲ್ಲಿ ಸೋತದ್ದು ಅವರ ಮನಸ್ಸಿನಿಂದ ಕೊನೆಯವರೆಗೂ ಮಾಸಲಿಲ್ಲ. ಯಾವುದಾದರೂ ಒಂದರಲ್ಲಿ ಎಲ್ಲರಿಗಿಂತ ಮುಂದೆ ಬರಬೇಕು ಎಂಬ ಹಠ ಆಗಲೇ ಬೇರೂರಿತ್ತು.

ಚಾರ್ಲಿ ತೋರಿಸಿದ ದಾರಿ

ಶಾಲೆ ಬಿಟ್ಟ ಬೆರಿಲ್ ಲೀಡ್ಸ್‌ನ ಬಟ್ಟೆ ತಯಾರಿಕೆಯ ಕೆಲಸಕ್ಕೆ ಸೇರಿದರು. ಅಲ್ಲಿ ಪರಿಚಯವಾದ ಚಾರ್ಲಿ ಬರ್ಟನ್ ಸೈಕಲ್ ಕ್ಲಬ್ಬಿನ ಸದಸ್ಯ. ಭಾನುವಾರ ಬಂತೆಂದರೆ ಗೆಳೆಯರ ಜೊತೆ ಸೈಕಲ್ ಏರಿ ದೂರ ಹೋಗುವ ಹವ್ಯಾಸ ಅವರದು. 1955ರಲ್ಲಿ ಇಬ್ಬರ ಮದುವೆಯಾಯಿತು. ಮರುವರ್ಷ ಮಗಳು ಡೆನಿಸ್ ಹುಟ್ಟಿದಳು. ಮೊದಮೊದಲು ಕ್ಲಬ್ಬಿನವರ ಹಿಂದೆ ಏದುಸಿರು ಬಿಡುತ್ತ ಸಾಗುತ್ತಿದ್ದ ಬೆರಿಲ್ ಕೆಲವೇ ಸಮಯದಲ್ಲಿ ಅವರ ಸಾಲಿಗೆ ಬಂದರು, ಆಮೇಲೆ ಅವರನ್ನೂ ಹಿಂದೆ ಹಾಕಿದರು. ಹೆಂಡತಿಯ ಸಾಮರ್ಥ್ಯ ಏನೆಂದು ಚಾರ್ಲಿಗೆ ಬೇಗ ಅರ್ಥವಾಯಿತು. ತನ್ನ ಓಟವನ್ನು ಬದಿಗಿಟ್ಟು, ಸೈಕಲ್ ರಿಪೇರಿ, ಪ್ರಯಾಣದ ವ್ಯವಸ್ಥೆ, ಮಗುವಿನ ಆರೈಕೆ ಎಲ್ಲದರಲ್ಲೂ ಅವರು ಹೆಗಲು ಕೊಟ್ಟರು. ಗಂಡ ಗೆಲ್ಲುವುದು, ಹೆಂಡತಿ ದಡದಲ್ಲಿ ನಿಂತು ಕಾಯುವುದು ರೂಢಿಯಾಗಿದ್ದ ಕಾಲದಲ್ಲಿ ಈ ಮನೆಯಲ್ಲಿ ಅದು ತಿರುಗುಮುರುಗಾಗಿತ್ತು.

ಬೆರಿಲ್ ಅವರ ಮುಖ್ಯ ಕಣ ಟೈಮ್ ಟ್ರಯಲ್. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಂದೊಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. 10, 25, 50, 100 ಮೈಲು ಎಂದು ದೂರ ಗೊತ್ತುಮಾಡಿ ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೆ ಎಂದು ನೋಡುವುದು ಒಂದು ಬಗೆ. 12 ಗಂಟೆ ಅಥವಾ 24 ಗಂಟೆ ಎಂದು ಸಮಯ ಗೊತ್ತುಮಾಡಿ ಯಾರು ಹೆಚ್ಚು ದೂರ ಹೋಗುತ್ತಾರೆ ಎಂದು ಅಳೆಯುವುದು ಇನ್ನೊಂದು ಬಗೆ. ಒಟ್ಟಿನಲ್ಲಿ ಗಡಿಯಾರವೇ ಎದುರಾಳಿ.

1957ರಲ್ಲಿ 100 ಮೈಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆರಿಲ್ ಎರಡನೆಯವರಾದರು. 1959ರಲ್ಲಿ ದೇಶದ ಅತ್ಯುತ್ತಮ ಮಹಿಳಾ ಪಟುವಿಗೆ ಸಲ್ಲುವ ಆಲ್‌ರೌಂಡರ್ ಪ್ರಶಸ್ತಿ ಮೊದಲ ಬಾರಿ ಅವರ ಕೈಸೇರಿತು. 25, 50 ಮತ್ತು 100 ಮೈಲಿನ ಓಟಗಳ ಸರಾಸರಿ ವೇಗವನ್ನು ಲೆಕ್ಕಹಾಕಿ ಕೊಡುವ ಪ್ರಶಸ್ತಿ ಇದು. 1983ರವರೆಗೆ ಬೇರೆ ಯಾರಿಗೂ ಅದು ಸಿಗಲಿಲ್ಲ. ಮೊದಲ ಸಲ ಗೆದ್ದಾಗ ಬೆರಿಲ್‌ಗೆ 22 ವರ್ಷ, ಕೊನೆಯ ಸಲ ಗೆದ್ದಾಗ 46.

ಏಳು ವಿಶ್ವ ಪ್ರಶಸ್ತಿ

ಮಹಿಳೆಯರಿಗೆ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಶುರುವಾದದ್ದೇ 1958ರಲ್ಲಿ. ಮರುವರ್ಷ ಬೆಲ್ಜಿಯಂನ ಲಿಯೇಜ್‌ನಲ್ಲಿ ಟ್ರ್ಯಾಕ್ ಮೇಲಿನ 3,000 ಮೀಟರ್ ಪರ್ಸ್ಯೂಟ್ ಸ್ಪರ್ಧೆಯನ್ನು ಬೆರಿಲ್ ಗೆದ್ದರು. 1960, 1962, 1963 ಮತ್ತು 1966ರಲ್ಲೂ ಅದೇ ಪ್ರಶಸ್ತಿ ಅವರಿಗೇ ಬಂತು. ರಸ್ತೆ ಓಟದಲ್ಲಿ 1960ರಲ್ಲಿ ಪೂರ್ವ ಜರ್ಮನಿಯಲ್ಲಿ, 1967ರಲ್ಲಿ ನೆದರ್ಲೆಂಡ್ಸ್‌ನ ಹೀರ್ಲೆನ್‌ನಲ್ಲಿ ಚಿನ್ನ. ಪೂರ್ವ ಯುರೋಪಿನ ದೇಶಗಳು ತಮ್ಮ ಪಟುಗಳಿಗೆ ಸರಕಾರದ ಖರ್ಚಿನಲ್ಲಿ ತರಬೇತಿ ಕೊಡುತ್ತಿದ್ದ ದಿನಗಳವು. ಬೆರಿಲ್ ಅಂಥವರ ಎದುರು ನಿಂತದ್ದು ಕೆಲಸಕ್ಕೆ ರಜೆ ಹಾಕಿ ಬಂದು.

ವೃತ್ತಿಪರಳಾಗುವ ಆಹ್ವಾನ ಬಂದಾಗಲೂ ಅವರು ಒಪ್ಪಲಿಲ್ಲ. ಒಲಿಂಪಿಕ್ ಪದಕದ ಅವಕಾಶ ಮಾತ್ರ ಅವರಿಗೆ ಸಿಗಲೇ ಇಲ್ಲ. ಅದಕ್ಕೆ ಕಾರಣ ಸರಳ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸೈಕಲ್ ಓಟ ಸೇರಿದ್ದೇ 1984ರಲ್ಲಿ. ಆಗ ಬೆರಿಲ್‌ಗೆ 47 ವರ್ಷ ತುಂಬಿತ್ತು.

ಗಂಡಸರ ದಾಖಲೆ ಮುರಿದ ದಿನ

ಬೆರಿಲ್ ಹೆಸರು ಎಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು 1967ರ ಸೆಪ್ಟೆಂಬರ್ 17ರ ಓಟದಿಂದ. ಹೀರ್ಲೆನ್‌ನಲ್ಲಿ ವಿಶ್ವ ಚಾಂಪಿಯನ್ ಆಗಿ ಕೇವಲ ಎರಡು ವಾರ ಕಳೆದಿತ್ತು. ಯಾರ್ಕ್‌ಶೈರಿನಲ್ಲಿ ಓಟ್ಲಿ ಸೈಕಲ್ ಕ್ಲಬ್ ಏರ್ಪಡಿಸಿದ್ದ 12 ಗಂಟೆಗಳ ಟೈಮ್ ಟ್ರಯಲ್ ಅದು. ಗಂಡಸರೆಲ್ಲ ಹೊರಟ ಮೇಲೆ ಹೆಂಗಸರ ಸರದಿ. ಗಂಡಸರ ಸಾಲಿನಲ್ಲಿ ಕೊನೆಯವರಾಗಿ ಹೊರಟವರು ಮೈಕ್ ಮೆಕ್‌ನಮಾರ. ಆ ದಿನ ಅವರೂ ಅಪೂರ್ವ ಲಯದಲ್ಲಿದ್ದರು, ಗಂಡಸರ ರಾಷ್ಟ್ರೀಯ ದಾಖಲೆಯ ಕಡೆಗೆ ಸಾಗುತ್ತಿದ್ದರು.

ಬೆಳಗ್ಗಿನಿಂದ ಒಬ್ಬೊಬ್ಬರನ್ನೇ ದಾಟುತ್ತ ಬಂದ ಬೆರಿಲ್‌ಗೆ ಸಂಜೆಯ ಹೊತ್ತಿಗೆ ಎದುರು ಕಂಡದ್ದು ಮೆಕ್‌ನಮಾರ ಒಬ್ಬರ ಬೆನ್ನು. ದಾಟಿ ಹೋಗುವಾಗ ಏನಾದರೂ ಮಾತಾಡಬೇಕು ಅನ್ನಿಸಿತು. ಅಂಗಿಯ ಜೇಬಿನಲ್ಲಿ ಲಿಕರಿಸ್ ಮಿಠಾಯಿ ಇತ್ತು. ಅತಿಮಧುರದ ಬೇರಿನ ರಸದಿಂದ ಮಾಡುವ, ಇಂಗ್ಲೆಂಡಿನ ಪ್ರತಿ ಅಂಗಡಿಯಲ್ಲೂ ಸಿಗುವ ಸಾಧಾರಣ ಮಿಠಾಯಿ ಅದು. ಅದರಲ್ಲಿ ಒಂದನ್ನು ತೆಗೆದು ಮೆಕ್‌ನಮಾರ ಅವರತ್ತ ಚಾಚಿದರು. ಅವರು ಥ್ಯಾಂಕ್ಸ್ ಹೇಳಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಬೆರಿಲ್ ಮುಂದೆ ಹೋದರು.

12 ಗಂಟೆ ಮುಗಿದಾಗ ಮೆಕ್‌ನಮಾರ ಕ್ರಮಿಸಿದ ದೂರ 276.52 ಮೈಲು. ಅದು ಗಂಡಸರ ಹೊಸ ರಾಷ್ಟ್ರೀಯ ದಾಖಲೆ. ಬೆರಿಲ್ ಕ್ರಮಿಸಿದ್ದು 277.25 ಮೈಲು, ಅಂದರೆ 446 ಕಿಲೋಮೀಟರಿಗೂ ಹೆಚ್ಚು. ಗಂಟೆಗೆ ಸರಾಸರಿ 37 ಕಿಲೋಮೀಟರ್ ವೇಗ, ಅದೂ ಹನ್ನೆರಡು ಗಂಟೆ. ಆ ದೂರವನ್ನು ಮೀರಲು ಗಂಡಸರಿಗೆ 1969ರವರೆಗೆ ಕಾಯಬೇಕಾಯಿತು. ಹೆಂಗಸರ ದಾಖಲೆಯಾಗಿ ಅದು ಉಳಿದದ್ದು ಪೂರ್ತಿ 50 ವರ್ಷ. 2017ರಲ್ಲಿ ಆಲಿಸ್ ಲೆತ್‌ಬ್ರಿಜ್ ಅದನ್ನು ಮುರಿದರು. ಅಷ್ಟರಲ್ಲಿ ಸೈಕಲ್, ಚಕ್ರ, ಉಡುಪು, ಕುಳಿತುಕೊಳ್ಳುವ ಭಂಗಿ ಎಲ್ಲವೂ ಬದಲಾಗಿ ಹೋಗಿದ್ದವು.

1968ರಲ್ಲಿ 100 ಮೈಲನ್ನು 3 ಗಂಟೆ 55 ನಿಮಿಷ 5 ಸೆಕೆಂಡಿನಲ್ಲಿ ಮುಗಿಸಿದರು. ಆ ದೂರವನ್ನು ನಾಲ್ಕು ಗಂಟೆಯೊಳಗೆ ತುಳಿದ ಮೊದಲ ಗಂಡಸು ರೇ ಬೂಟಿ. ಅದು ಸಾಧ್ಯವಾದದ್ದು 1956ರಲ್ಲಿ. ಹನ್ನೆರಡೇ ವರ್ಷಗಳಲ್ಲಿ ಒಬ್ಬ ಗೃಹಿಣಿ ಅವರಿಗಿಂತ ಮೂರು ನಿಮಿಷ ಬೇಗ ಮುಗಿಸಿದ್ದರು. ಅದೇ ವರ್ಷ ಫ್ರಾನ್ಸಿನ ಪ್ರಸಿದ್ಧ ಗ್ರಾಂ ಪ್ರಿ ದೆ ನಾಸಿಯೋಂ ಓಟಕ್ಕೆ ಅವರಿಗೆ ವಿಶೇಷ ಆಹ್ವಾನ ಬಂತು. ಅದು ವೃತ್ತಿಪರ ಗಂಡಸರ ಸ್ಪರ್ಧೆ, ಬೆರಿಲ್ ಅವರ ಸಮಯ ಫಲಿತಾಂಶಕ್ಕೆ ಸೇರುವಂತಿರಲಿಲ್ಲ. 73.5 ಕಿಲೋಮೀಟರನ್ನು ಅವರು ಗಂಟೆಗೆ 41.853 ಕಿಲೋಮೀಟರ್ ವೇಗದಲ್ಲಿ ಮುಗಿಸಿದರು. ಗೆದ್ದ ಇಟಲಿಯ ಫೆಲಿಚೆ ಜಿಮೊಂಡಿ ಅವರಿಗಿಂತ ಸುಮಾರು 12 ನಿಮಿಷ ಹೆಚ್ಚು ಬೇಕಾಯಿತು ಅಷ್ಟೆ.

ಬ್ರಿಟಿಷ್ ಸರಕಾರ 1964ರಲ್ಲಿ ಎಂಬಿಇ, 1968ರಲ್ಲಿ ಒಬಿಇ ಗೌರವ ನೀಡಿತು. ಸ್ವಂತ ದೇಶದ ಪತ್ರಿಕೆಗಳಲ್ಲಿ ಮಾತ್ರ ಅವರಿಗೆ ಸಿಗುತ್ತಿದ್ದ ಜಾಗ ಕಡಿಮೆ. ಬೆಲ್ಜಿಯಂ, ಫ್ರಾನ್ಸ್‌ಗಳಲ್ಲಿ ರಸ್ತೆಯಲ್ಲಿ ಗುರುತು ಹಿಡಿಯುತ್ತಿದ್ದ ಜನ ಅವರದೇ ದೇಶದಲ್ಲಿ ಅಷ್ಟು ಸಂಖ್ಯೆಯಲ್ಲಿ ಇರಲಿಲ್ಲ.

ತೋಟದ ದುಡಿಮೆಯೇ ಕಸರತ್ತು

ಇಷ್ಟು ಬಲ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಸಿಗುವ ಉತ್ತರ ಮಾರ್ಲಿ ಎಂಬ ಸಣ್ಣ ಪಟ್ಟಣದ ಒಂದು ತೋಟದಲ್ಲಿದೆ. ಮಾರ್ಲಿ ಸೈಕಲ್ ಕ್ಲಬ್ಬಿನ ನಿಮ್ ಕಾರ್ಲೈನ್ ಅವರ ತೋಟ ಅದು. ಕಾರ್ಲೈನ್ ಸ್ವತಃ 24 ಗಂಟೆಗಳ ಓಟದ ಚಾಂಪಿಯನ್. ತೋಟದಲ್ಲಿ ಬೆಳೆಯುತ್ತಿದ್ದದ್ದು ರೂಬಾರ್ಬ್. ಕೆಸುವಿನ ಹಾಗೆ ದಪ್ಪ ದಂಟು, ಅಗಲ ಎಲೆ ಇರುವ ಗಿಡ. ಎಲೆ ವಿಷ, ಕೆಂಪು ದಂಟು ಹುಳಿ. ದಂಟನ್ನು ಸಕ್ಕರೆ ಹಾಕಿ ಬೇಯಿಸಿ ತಿನ್ನುತ್ತಾರೆ.

ಯಾರ್ಕ್‌ಶೈರಿನ ಆ ಭಾಗ ಚಳಿಗಾಲದ ರೂಬಾರ್ಬ್‌ಗೆ ಹೆಸರುವಾಸಿ. ಗಿಡವನ್ನು ಎರಡು ವರ್ಷ ಬಯಲಿನಲ್ಲಿ ಬೆಳೆಸಿ, ಚಳಿ ಬಿದ್ದ ಮೇಲೆ ಮಣ್ಣು ಮೆತ್ತಿದ ಗಡ್ಡೆ ಸಮೇತ ಅಗೆದು, ಬೆಚ್ಚಗಿನ ಕತ್ತಲೆ ಕೊಟ್ಟಿಗೆಗೆ ಸಾಗಿಸುವುದು ಅಲ್ಲಿನ ಪದ್ಧತಿ. ಬೆಳಕು ಕಾಣದ ದಂಟು ಎಳಸಾಗಿ ಬೇಗ ಬೆಳೆಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮೇಣದ ಬತ್ತಿಯ ಬೆಳಕಿನಲ್ಲಿ ಅದನ್ನು ಕೀಳುತ್ತಾರೆ. ಹೆಪ್ಪುಗಟ್ಟಿದ ಮಣ್ಣನ್ನು ಅಗೆಯುವುದು, ಭಾರದ ಗಡ್ಡೆಗಳನ್ನು ಎತ್ತುವುದು, ಹೊರುವುದು ಗಂಡಾಳುಗಳೂ ಬಳಲುವ ಕೆಲಸ. ಬೆರಿಲ್ ವರ್ಷಗಟ್ಟಲೆ ದುಡಿದದ್ದು ಇಂತಹ ತೋಟದಲ್ಲಿ. ಸೊಂಟ, ಬೆನ್ನು, ತೊಡೆ ಗಟ್ಟಿಯಾದದ್ದು ಈ ದುಡಿಮೆಯಿಂದ. ಅವರಿಗೆ ಬೇರೆ ವ್ಯಾಯಾಮ ಶಾಲೆ ಬೇಕಾಗಿರಲಿಲ್ಲ.

ಕೆಲಸ ಮುಗಿದ ಮೇಲೆ ಸೈಕಲ್ ಅಭ್ಯಾಸ. ಇಂಗ್ಲೆಂಡಿನಲ್ಲಿ ಓಟಗಳು ನಡೆಯುವುದು ವಸಂತದಿಂದ ಶರತ್ಕಾಲದವರೆಗೆ. ಆದರೆ ಬೇಸಿಗೆಯ ಗೆಲುವು ನಿರ್ಧಾರವಾಗುವುದು ಚಳಿಗಾಲದ ಅಭ್ಯಾಸದಲ್ಲಿ ಎಂಬುದು ಅಲ್ಲಿನ ಹಳೆಯ ಕ್ಲಬ್ ಸವಾರರ ತಿಳಿವಳಿಕೆ. ಡಿಸೆಂಬರಿನಲ್ಲಿ ಲೀಡ್ಸ್ ಕಡೆ ಬೆಳಗಾಗುವುದು ಎಂಟು ಗಂಟೆಯ ಮೇಲೆ, ಸಂಜೆ ನಾಲ್ಕಕ್ಕೆ ಮುಂಚೆಯೇ ಕತ್ತಲು. ರಸ್ತೆಯ ಮೇಲೆ ಮಂಜುಗಡ್ಡೆಯ ಪದರ, ಎಲುಬಿಗೆ ತಾಗುವ ಗಾಳಿ, ಬಿಡದ ಜಿಟಿಜಿಟಿ ಮಳೆ. ಅಲ್ಲಿನ ಸವಾರರು ಚಳಿಗಾಲಕ್ಕೆ ಒಳ್ಳೆಯ ಸೈಕಲನ್ನು ಒಳಗಿಟ್ಟು, ಮಡ್‌ಗಾರ್ಡ್ ಇರುವ, ಫ್ರೀವೀಲ್ ಇಲ್ಲದ ಹಳೆಯ ಸೈಕಲ್ ಹೊರತೆಗೆಯುವುದು ರೂಢಿ. ಅದರಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಇಳಿಜಾರಿನಲ್ಲೂ ಕಾಲಿಗೆ ಬಿಡುವಿಲ್ಲ. ವೇಗದ ಚಿಂತೆ ಬಿಟ್ಟು ಗಂಟೆಗಟ್ಟಲೆ ಒಂದೇ ಹದದಲ್ಲಿ ತುಳಿಯುವುದು ಈ ಅಭ್ಯಾಸದ ಗುಟ್ಟು. ಬೆರಿಲ್ ವಾರಕ್ಕೆ ನೂರಾರು ಮೈಲು ಹೀಗೆ ತುಳಿದವರು. ಹವಾಮಾನದ ನೆಪ ಹೇಳಿ ಮನೆಯಲ್ಲಿ ಉಳಿಯುವುದು ಅವರ ಸ್ವಭಾವವಾಗಿರಲಿಲ್ಲ.

ವಯಸ್ಸಾದಂತೆ ಈ ಚಳಿಗಾಲದ ಬೆಲೆ ಇನ್ನೂ ಹೆಚ್ಚುತ್ತದೆ. ನಲವತ್ತು ದಾಟಿದವರ ಹೃದಯ ಯೌವನದಲ್ಲಿದ್ದಷ್ಟು ವೇಗವಾಗಿ ಬಡಿಯಲಾರದು. ದಣಿದ ಸ್ನಾಯು ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕು. ಎರಡು ತಿಂಗಳು ಸುಮ್ಮನೆ ಕುಳಿತರೆ ಹೋದ ಶಕ್ತಿ ಮರಳುವುದು ನಿಧಾನ. ಮೊದಲು ಕುಗ್ಗುವುದು ಥಟ್ಟನೆ ನುಗ್ಗುವ ವೇಗ. ದೂರದ ತಾಳಿಕೆ ಬಹುಕಾಲ ನಿಲ್ಲುತ್ತದೆ, ಆದರೆ ಅಭ್ಯಾಸ ಬಿಡದವರಿಗೆ ಮಾತ್ರ. ಬೆರಿಲ್ ಅವರ ಲೆಕ್ಕಪತ್ರ ಇದಕ್ಕೆ ಒಳ್ಳೆಯ ಸಾಕ್ಷಿ. ವಿಶ್ವ ಪರ್ಸ್ಯೂಟ್ ಸ್ಪರ್ಧೆಯಲ್ಲಿ ಅವರಿಗೆ ಕೊನೆಯ ಪದಕ ಬಂದದ್ದು 1973ರಲ್ಲಿ. 50 ಮೈಲನ್ನು 1 ಗಂಟೆ 51 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಬರೆದದ್ದು 1976ರಲ್ಲಿ, 39ನೇ ವಯಸ್ಸಿನಲ್ಲಿ. ಆ ದಾಖಲೆ 20 ವರ್ಷ ಉಳಿಯಿತು.

ಅಮ್ಮ ಮತ್ತು ಮಗಳು

ಮಗಳು ಡೆನಿಸ್ ಕೂಡ ಸೈಕಲ್ ಪಟುವಾದಳು. 1972ರಲ್ಲಿ ಅಮ್ಮ ಮಗಳು ಇಬ್ಬರೂ ವಿಶ್ವ ಚಾಂಪಿಯನ್‌ಷಿಪ್‌ಗೆ ಬ್ರಿಟನ್ ತಂಡದಲ್ಲಿ ಆಯ್ಕೆಯಾದರು. 1975ರಲ್ಲಿ ಡೆನಿಸ್ ಪರ್ಸ್ಯೂಟ್‌ನಲ್ಲಿ ವಿಶ್ವ ಕಂಚು ಗೆದ್ದಳು. ಆದರೆ ಸ್ಪರ್ಧೆಗೆ ಇಳಿದ ಮೇಲೆ ಬೆರಿಲ್‌ಗೆ ಮಗಳು ಕೂಡ ಎದುರಾಳಿಯೇ.

1976ರ ರಾಷ್ಟ್ರೀಯ ರಸ್ತೆ ಓಟದಲ್ಲಿ ಅದು ಎಲ್ಲರ ಕಣ್ಣಿಗೂ ಬಿತ್ತು. ಇಬ್ಬರೂ ಮುಂಚೂಣಿಯ ಗುಂಪಿನಲ್ಲಿದ್ದರು. ಕೊನೆಯ ಕ್ಷಣದ ಸ್ಪ್ರಿಂಟ್‌ನಲ್ಲಿ ಮಗಳು ಅಮ್ಮನನ್ನು ಹಿಂದಿಕ್ಕಿ ಗೆದ್ದಳು. ಬಹುಮಾನದ ವೇದಿಕೆಯಲ್ಲಿ ಬೆರಿಲ್ ಮಗಳ ಕೈಕುಲುಕಲು ಒಪ್ಪಲಿಲ್ಲ. ಗಾಳಿಗೆ ಎದೆಕೊಟ್ಟು ಗುಂಪನ್ನು ಎಳೆದವಳು ತಾನು, ಮಗಳು ತನ್ನ ಪಾಲಿನ ಶ್ರಮ ಹಾಕದೆ ಕೊನೆಯಲ್ಲಿ ನುಗ್ಗಿದಳು ಎಂಬ ಸಿಟ್ಟು ಅವರದು. ಹತ್ತು ವರ್ಷಗಳ ನಂತರ, 1986ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಈ ಘಟನೆಯನ್ನು ಮುಚ್ಚಿಡಲಿಲ್ಲ. ಅಂದು ತನ್ನ ನಡವಳಿಕೆ ಕ್ರೀಡೆಗೆ ಶೋಭೆ ತರುವಂಥದ್ದಾಗಿರಲಿಲ್ಲ ಎಂದು ಒಪ್ಪಿಕೊಂಡರು.

ಹನ್ನೊಂದರ ಹರೆಯದಲ್ಲಿ ಸೋತ ಹುಡುಗಿಯನ್ನು ವಿಶ್ವ ಚಾಂಪಿಯನ್ ಮಾಡಿದ ಹಠವೇ ಅಂದು ಸ್ವಂತ ಮಗಳ ಗೆಲುವನ್ನು ಸಂಭ್ರಮಿಸಲು ಬಿಡಲಿಲ್ಲ. ಗೆಲ್ಲುವುದನ್ನು ಕಲಿತಷ್ಟು ಚೆನ್ನಾಗಿ ಬೆರಿಲ್ ಸೋಲುವುದನ್ನು ಕಲಿಯಲಿಲ್ಲ ಎಂದು ಅವರನ್ನು ಹತ್ತಿರದಿಂದ ಕಂಡವರೂ ಒಪ್ಪುತ್ತಾರೆ. ಆದರೂ ಸಂಬಂಧ ಹರಿದುಹೋಗಲಿಲ್ಲ. 1982ರಲ್ಲಿ ಅಮ್ಮ ಮಗಳು ಒಂದೇ ಟ್ಯಾಂಡೆಮ್ ಸೈಕಲ್ ಏರಿ 10 ಮೈಲನ್ನು 21 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ ಬ್ರಿಟಿಷ್ ದಾಖಲೆ ಮಾಡಿದರು. ಆಗ ಅಮ್ಮನಿಗೆ 45.

ಕೊನೆಯವರೆಗೂ ಸೈಕಲ್ ಮೇಲೆ

1984ರಿಂದ ಆಲ್‌ರೌಂಡರ್ ಪ್ರಶಸ್ತಿ ಬೇರೆಯವರ ಪಾಲಾಯಿತು. ಬೆರಿಲ್ ನಿಲ್ಲಿಸಲಿಲ್ಲ. 1986ರಲ್ಲಿ, 49ನೇ ವಯಸ್ಸಿನಲ್ಲಿ, ವೈಯಕ್ತಿಕ ವಿಭಾಗದ ಕೊನೆಯ ರಾಷ್ಟ್ರೀಯ ಪ್ರಶಸ್ತಿ ಬಂತು. ಟೈಮ್ ಟ್ರಯಲ್‌ನಲ್ಲಿ ಅವರ ವೈಯಕ್ತಿಕ ರಾಷ್ಟ್ರೀಯ ಪ್ರಶಸ್ತಿಗಳ ಮೊತ್ತ 72. ಅದರಲ್ಲಿ 26 ಬಂದದ್ದು 25 ಮೈಲಿನ ಓಟದಲ್ಲಿ. ಆಮೇಲೆ ಗೆಲುವು ಸಿಗದ ವರ್ಷಗಳಲ್ಲೂ ಓಟದ ಪಟ್ಟಿಯಲ್ಲಿ ಅವರ ಹೆಸರು ಇರುತ್ತಿತ್ತು. ತನ್ನ ಅರ್ಧ ವಯಸ್ಸಿನವರು ದಾಟಿ ಹೋಗುವುದನ್ನು ನೋಡುವುದು ಸುಲಭವಾಗಿರಲಿಕ್ಕಿಲ್ಲ. ಆದರೆ ಗಡಿಯಾರದ ಜೊತೆಗಿನ ಸ್ಪರ್ಧೆಯಲ್ಲಿ ಪ್ರತಿಯೊಬ್ಬ ಸವಾರನಿಗೂ ಮೊದಲ ಎದುರಾಳಿ ತಾನೇ. ಸಂಸಾರ ನಂತರ ಹ್ಯಾರೊಗೇಟ್ ಕಡೆಗೆ ವಾಸ ಬದಲಿಸಿತ್ತು. ಅಲ್ಲಿನ ನೇರ್ಸ್‌ಬರೊ ಕ್ಲಬ್ಬಿನ ಸದಸ್ಯೆಯಾಗಿ ಅವರು ಮುಂದುವರಿದರು.

1996ರ ಮೇ 5, ಭಾನುವಾರ. ಇನ್ನೊಂದು ವಾರಕ್ಕೆ ಬೆರಿಲ್‌ಗೆ 59 ತುಂಬಲಿತ್ತು. ಹುಟ್ಟುಹಬ್ಬದ ಕೂಟಕ್ಕೆ ಕರೆಯಲು ಆಮಂತ್ರಣ ಪತ್ರಗಳನ್ನು ಹಂಚುತ್ತ ಸೈಕಲ್‌ನಲ್ಲಿ ಹೊರಟಿದ್ದರು. ದಾರಿಯಲ್ಲೇ ಹೃದಯ ನಿಂತಿತು. ಎಳವೆಯಲ್ಲಿ ವೈದ್ಯರು ಜಾಗ್ರತೆ ಹೇಳಿದ್ದ ಅದೇ ಹೃದಯ ನಲವತ್ತು ವರ್ಷ ಎಡೆಬಿಡದೆ ದುಡಿದಿತ್ತು.

ಬದುಕಿದ್ದಾಗ ಸಿಗದ ಪ್ರಚಾರ ಆಮೇಲೆ ಬಂತು. ಮಾರ್ಲಿಯ ಒಂದು ಉದ್ಯಾನಕ್ಕೆ ಅವರ ಹೆಸರಿಟ್ಟು, ಅಲ್ಲಿ ಅವರ ದೊಡ್ಡ ಭಿತ್ತಿಚಿತ್ರ ಬರೆಸಲಾಗಿದೆ. ಹ್ಯಾರೊಗೇಟ್ ಮತ್ತು ನೇರ್ಸ್‌ಬರೊ ನಡುವಿನ ಸೈಕಲ್ ದಾರಿಗೂ ಅವರದೇ ಹೆಸರು. ನಟಿ ಮ್ಯಾಕ್ಸಿನ್ ಪೀಕ್ ಬರೆದ ನಾಟಕ 2014ರಲ್ಲಿ ಲೀಡ್ಸ್‌ನ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಜೆರೆಮಿ ವಿಲ್ಸನ್ ಬರೆದ ಜೀವನಚರಿತ್ರೆ 2022ರಲ್ಲಿ ಬ್ರಿಟನ್ನಿನ ವರ್ಷದ ಕ್ರೀಡಾ ಪುಸ್ತಕವಾಗಿ ಆಯ್ಕೆಯಾಯಿತು. 2019ರಲ್ಲಿ ವಿಶ್ವ ರಸ್ತೆ ಚಾಂಪಿಯನ್‌ಷಿಪ್ ಯಾರ್ಕ್‌ಶೈರಿನಲ್ಲಿ ನಡೆದಾಗ ಓಟಗಳು ಕೊನೆಗೊಂಡದ್ದು ಹ್ಯಾರೊಗೇಟ್‌ನಲ್ಲಿ. ಮಾಸಿದ ಮಡ್‌ಗಾರ್ಡಿನ ಸೈಕಲ್ ಏರಿ ಚಳಿಗಾಲದ ಮಳೆಯಲ್ಲಿ ಹೊರಡುವ ನಡುವಯಸ್ಸಿನ ಹವ್ಯಾಸಿ ಸವಾರರನ್ನು ಅಲ್ಲಿನ ರಸ್ತೆಗಳಲ್ಲಿ ಈಗಲೂ ಕಾಣಬಹುದು. ಬೆರಿಲ್ ಯಾರೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.